ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೊರಟವರಿಗೆ: ಮೊದಲು ಹಿಮ ಬೀಳಲಿ, ಆಮೇಲೆ ಟಿಕೆಟ್ ತೆಗೆಯಿರಿ

2024ರ ಜನವರಿ ಎರಡನೇ ವಾರ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಟ್ಯಾಕ್ಸಿಯಿಂದ ಇಳಿದರೆ ಎದುರಿಗೆ ಗಾಲ್ಫ್ ಮೈದಾನ, ಪೂರ್ತಿ ಒಣಹುಲ್ಲಿನ ಬಣ್ಣ. ಮಗಳು ಮಾತೇ ಆಡಲಿಲ್ಲ. ಅವಳಿಗೆ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು, ಕಲಿಸಬೇಕು ಅಂತಲೇ ಮೈಸೂರಿನಿಂದ ಅಷ್ಟು ದೂರ ಹೋಗಿದ್ದೆವು. ಹಿಂದಿನ ವಾರ ಹೋಟೆಲ್‌ಗೆ ಫೋನ್ ಮಾಡಿ ಕೇಳಿದ್ದೆ. "ಹಿಮ ಚೆನ್ನಾಗಿದೆ, ಬನ್ನಿ" ಅಂದಿದ್ದರು. ಹೋಗಿ ಕೇಳಿದರೆ, "ಮೇಲೆ ಇದೆಯಲ್ಲ, ಗೊಂಡೋಲಾದಲ್ಲಿ ಹೋಗಿ" ಅಂದರು. ಗೊಂಡೋಲಾ ಅಂದರೆ ಬೆಟ್ಟದ ಮೇಲಕ್ಕೆ ಹೋಗುವ ಕೇಬಲ್ ಕಾರ್. ಮೇಲೆ ಅಫರ್ವಟ್ ಬೆಟ್ಟದಲ್ಲಿ ಅಲ್ಲಲ್ಲಿ ಬಿಳಿ ಪಟ್ಟೆ ಇತ್ತು, ನಿಜ. ಆದರೆ ಗೊಂಡೋಲಾ ಬಿಡುವ ಕೊನೆಯ ಜಾಗವೇ ಸುಮಾರು 3,950 ಮೀಟರ್ ಎತ್ತರದಲ್ಲಿದೆ. ಮೊದಲ ಸಲ ಸ್ಕೀ ಕಟ್ಟಿಕೊಳ್ಳುವ ಮಕ್ಕಳ ಜಾಗ ಅದಲ್ಲ.

ಆ ರೂಮಿನ ವಿಷಯ ಹೇಳಲೇಬೇಕು. ಒಂದು ರಾತ್ರಿಗೆ 9,500 ರೂಪಾಯಿ. ಬುಕ್ ಮಾಡುವಾಗ ಹೀಟಿಂಗ್ ಇದೆ ಅಂತ ಬರೆದಿತ್ತು. ಅಲ್ಲಿ ಇದ್ದದ್ದು ಹಾಸಿಗೆ ಮೇಲೆ ಒಂದು ಎಲೆಕ್ಟ್ರಿಕ್ ಬ್ಲಾಂಕೆಟ್. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಆ ಹೊತ್ತಿನ ಮೇಲೆ ಜನರೇಟರ್ ಹಾಕುವುದಿಲ್ಲವಂತೆ. ಮೂಲೆಯಲ್ಲಿ ಬುಖಾರಿ ಇತ್ತು. ಬುಖಾರಿ ಅಂದರೆ ತಗಡಿನ ಕಟ್ಟಿಗೆ ಒಲೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಒಲೆ ಇತ್ತು, ಕಟ್ಟಿಗೆ ಇರಲಿಲ್ಲ. ಕಟ್ಟಿಗೆ ಬೇಕಾದರೆ ಬೇರೆ 1,200 ರೂಪಾಯಿ, ಅದನ್ನೂ ಸಂಜೆ ಆರರ ಒಳಗೆ ಹೇಳಬೇಕಿತ್ತಂತೆ. ನನ್ನ ಹೆಂಡತಿ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಬೆಳಗಿನವರೆಗೂ ಕೂತೇ ಇದ್ದಳು. ನಾನು ಚಳಿ ತಡೆದುಕೊಳ್ಳುತ್ತೇನೆ, ಆದರೆ ಸುಳ್ಳು ಹೇಳಿ ಚಳಿಯಲ್ಲಿ ಮಲಗಿಸಿದರೆ ಸಿಟ್ಟು ಬರುತ್ತದೆ. ದುಡ್ಡು ಕಟ್ಟುವ ಮೊದಲು ಮೂರು ವಿಷಯ ಬರೆಸಿಕೊಳ್ಳಿ: ರೂಮಿನಲ್ಲಿ ಬುಖಾರಿ ಇದೆಯಾ, ಕಟ್ಟಿಗೆ ಬಾಡಿಗೆಯಲ್ಲೇ ಸೇರಿದೆಯಾ, ರಾತ್ರಿ ಎಷ್ಟು ಹೊತ್ತಿನವರೆಗೆ ಜನರೇಟರ್ ಓಡುತ್ತದೆ. ಮತ್ತೆ ಹಿಮ ಇದೆಯಾ ಅಂತ ಹೋಟೆಲ್‌ನವರನ್ನು ಕೇಳಬೇಡಿ. ಸ್ಕೀ ಕಲಿಸುವವರನ್ನು ಕೇಳಿ, ಇವತ್ತಿನ ಫೋಟೋ ಕಳಿಸಿ ಅನ್ನಿ.

ನಾವು ಊರಿಗೆ ವಾಪಸ್ ಬಂದ ಮೇಲೆ, ಆ ತಿಂಗಳ ಕೊನೆಗೆ ಹಿಮ ಬಿತ್ತು. ಫೆಬ್ರವರಿಯಲ್ಲಿ ಅಲ್ಲೇ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದರು. ಮಗಳು ಆ ಸುದ್ದಿ ಓದಿ, "ಕೊಡಗಿನವರು ಮಾಡಬಹುದಾದರೆ ನಾನೂ ಮಾಡಬಹುದಲ್ವಾ" ಅಂದಳು. ಮತ್ತೆ ಹೋಗದೆ ವಿಧಿಯೇ ಇರಲಿಲ್ಲ.

ಈ ಸಲ ಮೊದಲು ಸ್ವಲ್ಪ ತಿಳಿದುಕೊಂಡೆ. ಕಾಶ್ಮೀರದ ಚಳಿಗಾಲದ ಹಿಮ ನಮ್ಮ ಮುಂಗಾರಿನಿಂದ ಬರುವುದಲ್ಲ. ದೂರದ ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಗಾಳಿಗಳು ತರುವಂಥದ್ದು. ಆ ಗಾಳಿ ತಡವಾದರೆ ಹಿಮವೂ ತಡ. ಡಿಸೆಂಬರ್ 21ರಿಂದ 40 ದಿನವನ್ನು ಅಲ್ಲಿಯವರು ಚಿಲ್ಲೈ ಕಲಾನ್ ಅನ್ನುತ್ತಾರೆ, ಅಂದರೆ ದೊಡ್ಡ ಚಳಿ. ಆ ದಿನಗಳಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂರುತ್ತದೆ, ಬೇಸಿಗೆಯವರೆಗೂ ಹಳ್ಳ ತೊರೆಗಳಿಗೆ ನೀರು ಕೊಡುತ್ತದೆ. ಮಾರ್ಚ್‌ನಲ್ಲಿ ಬಿದ್ದದ್ದು ಎಷ್ಟೇ ಜಾಸ್ತಿ ಇದ್ದರೂ ಬೇಗ ಕರಗುತ್ತದೆ. 2025ರಲ್ಲಿ ಫೆಬ್ರವರಿ 22ಕ್ಕೆ ಶುರುವಾಗಬೇಕಿದ್ದ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟವನ್ನೇ ಹಿಮ ಸಾಲದೆ ಮುಂದೂಡಿದರು. ಕೊನೆಗೆ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ದೇಶದ ಕೂಟವೇ ಹಿಮಕ್ಕಾಗಿ ಕಾಯಬೇಕಾಯಿತು. ನಾವು ನೀವು ಮೂರು ತಿಂಗಳ ಮೊದಲೇ ತಾರೀಕು ಗೊತ್ತು ಮಾಡಿಕೊಂಡು ಹೋಗುವುದು ಹೇಗೆ?

ಹಾಗಾಗಿ ಎರಡನೇ ಸಲ ಮಾರ್ಚ್‌ನಲ್ಲಿ ಹೋದೆವು, ತಾರೀಕು ಬದಲಿಸಬಹುದಾದ ಟಿಕೆಟ್ ತೆಗೆದುಕೊಂಡು. ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡಾಯಿತು. ಒಣಹುಲ್ಲು ನೋಡಿ ಬರುವುದಕ್ಕಿಂತ ಅದು ಅಗ್ಗ. ಗುಲ್ಮಾರ್ಗ್‌ನಲ್ಲಿ ಉಳಿಯಲಿಲ್ಲ. ಕೆಳಗೆ 13 ಕಿಲೋಮೀಟರ್ ದೂರದ ಟಂಗ್‌ಮಾರ್ಗ್‌ನಲ್ಲಿ ಒಂದು ಮನೆಯ ಮಹಡಿಯಲ್ಲಿ ಉಳಿದೆವು. ಬುಖಾರಿ, ಕಟ್ಟಿಗೆ, ಬೆಳಗಿನ ತಿಂಡಿ ಎಲ್ಲ ಸೇರಿ ರಾತ್ರಿಗೆ 2,200 ರೂಪಾಯಿ. ಬೆಳಗ್ಗೆ ಬೇಗ ಏಳಲು ಆಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮೊದಲ ದಿನ ಇಳಿಜಾರಿನಲ್ಲಿ ಹಿಮಕ್ಕಿಂತ ಕೆಸರೇ ಜಾಸ್ತಿ. ಮತ್ತೆ ಮೋಸ ಹೋದೆವು ಅನ್ನಿಸಿತು. ಆ ಸಂಜೆ ಮಳೆ ಶುರುವಾಯಿತು. ರಾತ್ರಿ ಯಾವಾಗಲೋ ಸದ್ದು ನಿಂತಿತು. ನಾನು ಮಳೆ ನಿಂತಿತು ಅಂದುಕೊಂಡೆ. ಬೆಳಗ್ಗೆ ಮನೆಯ ಯಜಮಾನತಿ ಬಾಗಿಲು ತಟ್ಟಿ, "ಶೀನ್, ಶೀನ್" ಅಂದರು. ಕಾಶ್ಮೀರಿಯಲ್ಲಿ ಶೀನ್ ಅಂದರೆ ಹಿಮ. ಅಂಗಳದಲ್ಲಿ ಮೊಣಕಾಲಿನವರೆಗೆ ಬಿದ್ದಿತ್ತು. ಹೂಬಿಟ್ಟ ಬಾದಾಮಿ ಕೊಂಬೆಗಳು ಭಾರಕ್ಕೆ ಬಾಗಿದ್ದವು, ಒಂದು ಮುರಿದೇ ಬಿದ್ದಿತ್ತು. ನಮಗೆ ಸಂಭ್ರಮ. ಅವರು ಮಾತ್ರ ಆ ಕೊಂಬೆಯನ್ನೇ ನೋಡುತ್ತಾ ನಿಂತಿದ್ದರು.

ಆ ದಿನ ದಾರಿ ತೆರೆದದ್ದು ಹತ್ತೂವರೆಗೆ. ಇಂಥ ದಿನ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಶ್ರೀನಗರದಿಂದ ತಂದ ಟ್ಯಾಕ್ಸಿ ಟಂಗ್‌ಮಾರ್ಗ್‌ನಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲೆ ಬೇರೆ ಗಾಡಿ, ಬೇರೆ ದುಡ್ಡು. ಮೊದಲೇ ಗೊತ್ತಿದ್ದರೆ ಜಗಳ ಇರುವುದಿಲ್ಲ. ಟಂಗ್‌ಮಾರ್ಗ್‌ನಲ್ಲಿ ಡ್ರೈವರ್ ತಾನೇ ಒಂದು ಅಂಗಡಿ ಮುಂದೆ ನಿಲ್ಲಿಸಿ, ಬೂಟು ಜಾಕೆಟ್ ಬಾಡಿಗೆಗೆ ತಗೊಳ್ಳಲೇಬೇಕು ಅಂದರೆ ಸುಮ್ನೆ ಬೇಡ ಅನ್ನಿ. ಸ್ಕೀ ಕಲಿಯುವವರಿಗೆ ಆ ರಬ್ಬರ್ ಬೂಟಿನಿಂದ ಏನೂ ಉಪಯೋಗವಿಲ್ಲ. ಸ್ಕೀ ಬೂಟು ಬೇರೆಯೇ. ಅದನ್ನು ಸ್ಕೀ ಕಲಿಸುವವರೇ ಅಳತೆ ನೋಡಿ ಕೊಡಿಸುತ್ತಾರೆ.

ಈಗ ಮುಖ್ಯ ವಿಷಯ. ಮಾರ್ಚ್ ಹಿಮದಲ್ಲಿ ಕಲಿಯುವುದು ಗಡಿಯಾರ ನೋಡಿಕೊಂಡು ಮಾಡುವ ಕೆಲಸ. ಹಗಲು ಬಿಸಿಲಿಗೆ ಮೇಲಿನ ಪದರ ಕರಗುತ್ತದೆ. ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಬೆಳಗ್ಗೆ ಎಂಟಕ್ಕೆ ಇಳಿದರೆ ಸ್ಕೀ ಹಿಡಿತಕ್ಕೇ ಸಿಗುವುದಿಲ್ಲ, ಜಾರಿ ಬಿದ್ದರೆ ಮೊಣಕೈ ಹೋಗುತ್ತದೆ. ಒಂಬತ್ತೂವರೆ ಹೊತ್ತಿಗೆ ಮೇಲಿನ ಎರಡು ಬೆರಳಿನಷ್ಟು ಮೆತ್ತಗಾಗುತ್ತದೆ. ಅಲ್ಲಿಂದ ಹನ್ನೆರಡರವರೆಗೆ ಚಿನ್ನದಂಥ ಸಮಯ. ಒಂದು ಗಂಟೆಯ ಮೇಲೆ ಹಿಮ ನೀರು ಕುಡಿದ ಅವಲಕ್ಕಿಯ ಹಾಗಾಗುತ್ತದೆ. ಸ್ಕೀ ಅದರಲ್ಲಿ ಹೂತುಕೊಂಡು ಮಂಡಿ ತಿರುಚಿಕೊಳ್ಳುತ್ತದೆ. ಮಗಳು ಎರಡನೇ ದಿನ ಮಧ್ಯಾಹ್ನ ಹಾಗೇ ಬಿದ್ದಳು. ದೊಡ್ಡ ಪೆಟ್ಟಾಗಲಿಲ್ಲ, ಆದರೆ ಮರುದಿನದ ಪಾಠ ತಪ್ಪಿತು. ಪೂರ್ತಿ ದಿನದ ಪ್ಯಾಕೇಜ್ ಅಂತ ಯಾರಾದರೂ ಮಾರ್ಚ್‌ನಲ್ಲಿ ದುಡ್ಡು ಕೇಳಿದರೆ ಅರ್ಧ ದಿನಕ್ಕೆ ಮಾತ್ರ ಕೊಡಿ.

ಗೊಂಡೋಲಾ ಸಾಲಿನ ಬಗ್ಗೆ ನಾನು ಹೆಚ್ಚು ಹೇಳಲಾರೆ. ಜನಜಂಗುಳಿ ನನಗೆ ಆಗುವುದಿಲ್ಲ. ಮೊದಲ ಹಂತದ ಕೊಂಗ್ಡೂರಿಯಲ್ಲಿ ಹತ್ತು ನಿಮಿಷ ಇದ್ದು ಕೆಳಗಿಳಿದೆವು. ಹೊಸ ಹಿಮ ಬಿದ್ದ ದಿನ ಮೇಲಿನ ಹಂತ ಮುಚ್ಚಿರುತ್ತದೆ, ಮುಚ್ಚಿರಲೇಬೇಕು. 2023ರ ಫೆಬ್ರವರಿಯಲ್ಲಿ ಅಫರ್ವಟ್ ಕಡೆ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಮರುವರ್ಷ ರಷ್ಯಾದ ಒಬ್ಬರು. ಅವರೆಲ್ಲ ಕಲಿಯಲು ಬಂದ ಹೊಸಬರಲ್ಲ.

ನಮಗೆ ಕಲಿಸಿದ ಮೇಷ್ಟ್ರಿಗೆ ಐವತ್ತರ ಆಸುಪಾಸು. ಮಗಳನ್ನು "ಬೇಟಿ" ಅಂತಲೇ ಕರೆಯುತ್ತಿದ್ದರು. ಮೊದಲೆಲ್ಲ ಡಿಸೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಪಾಠ ಇರುತ್ತಿತ್ತಂತೆ. ಈಗ ಎಷ್ಟೋ ವರ್ಷ ಜನವರಿ ಪೂರ್ತಿ ಸುಮ್ಮನೆ ಕೂರಬೇಕು ಅಂದರು. ಅವರ ಮಾತಿನಿಂದ ನನಗೆ ಒಂದು ಅರ್ಥವಾಯಿತು. ಬಿಸಿ ಏರಿದಾಗ ಮೊದಲು ಹೋಗುವುದು ಕೆಳಗಿನ ಇಳಿಜಾರು. ಪಳಗಿದವರು ಇನ್ನೂ ಮೇಲೆ ಹೋಗಿ ಹಿಮ ಹುಡುಕಿಕೊಳ್ಳುತ್ತಾರೆ. ಹೊಸಬರು ಕಲಿಯುವುದು 2,650 ಮೀಟರ್ ಎತ್ತರದ ಈ ಬಯಲಿನ ಅಂಚಿನಲ್ಲಿ. ಮೇಷ್ಟ್ರ ಮನೆ ನಡೆಯುವುದೂ ಹೊಸಬರಿಂದಲೇ. ಯಂತ್ರದಿಂದ ಹಿಮ ಮಾಡಬಹುದಲ್ಲ ಅಂತ ಕೇಳಿದೆ. 2022ರ ಬೀಜಿಂಗ್ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿ ಕೃತಕ ಹಿಮದ ಮೇಲೆಯೇ ನಡೆಯಿತು. ಉತ್ತರಾಖಂಡದ ಔಲಿಯಲ್ಲೂ ಆ ಯಂತ್ರಗಳಿವೆ. "ಅದಕ್ಕೂ ಚಳಿ ಬೇಕು, ನೀರೂ ಬೇಕು. ಹಿಮ ಬೀಳದ ವರ್ಷ ಎರಡೂ ಎಲ್ಲಿರುತ್ತೆ?" ಅಂದರು. ದಯವಿಟ್ಟು ಇಂಥವರ ಹತ್ತಿರ ಚೌಕಾಸಿ ಮಾಡಬೇಡಿ. ಮೂರು ಗಂಟೆಗೆ 1,500 ಕೇಳಿದರು, ಸ್ಕೀ ಬಾಡಿಗೆ ಬೇರೆ. ಆ ತಾಳ್ಮೆಗೆ ಅದು ಜಾಸ್ತಿಯಲ್ಲ.

ಮತ್ತೆ ಊಟ. ಟಂಗ್‌ಮಾರ್ಗ್ ಬಸ್ ನಿಲ್ಲುವ ಕಡೆ, ಬೇಕರಿಯ ಎಡಕ್ಕೆ ಒಂದು ಪುಟ್ಟ ಹೋಟೆಲ್. ಬೋರ್ಡಿಲ್ಲ. ನಾಲ್ಕು ಮೇಜು, ಮಧ್ಯದಲ್ಲಿ ಬುಖಾರಿ. ನಾವು ಮಾಂಸ ತಿನ್ನುವುದಿಲ್ಲ ಅಂದಾಗ ಅಜ್ಜ ಒಂದು ನಿಮಿಷ ಯೋಚಿಸಿ ಹಾಖ್ ಮತ್ತು ಅನ್ನ ಕೊಟ್ಟರು. ಹಾಖ್ ಅಂದರೆ ಅಲ್ಲಿಯ ಸೊಪ್ಪು. ಸಾಸಿವೆ ಎಣ್ಣೆ, ಹಸಿಮೆಣಸು, ಇಂಗು, ನೀರು, ಅಷ್ಟೇ. ಮಸಾಲೆ ರುಬ್ಬಿಲ್ಲ, ಹುಳಿ ಇಲ್ಲ. ನಮ್ಮ ಮನೆಯ ಸೊಪ್ಪಿನ ತಿಳಿಸಾರು ನೆನಪಾಯಿತು. ಅನ್ನ ದಪ್ಪ, ಬಿಸಿ, ಕೇಳಿದಷ್ಟು. ಜೊತೆಗೆ ರಾಜ್ಮಾ, ಮೂಲಂಗಿ ಚಟ್ನಿ. ಮೂರು ಜನಕ್ಕೆ 330 ರೂಪಾಯಿ. ಎರಡನೇ ದಿನ ತಾವರೆ ದಂಟಿನ ಬಜ್ಜಿಯನ್ನು ನಾವು ಹೋದ ಮೇಲೆಯೇ ಕರಿದು ಕೊಟ್ಟರು. ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ, ನೂನ್ ಚಾಯ್, ಮೊದಲ ಗುಟುಕಿಗೆ ಇಷ್ಟವಾಗಲಿಲ್ಲ. ನಾಲ್ಕನೇ ದಿನ ನಾನೇ ಕೇಳಿ ಕುಡಿದೆ. ಆರು ದಿನದಲ್ಲಿ ಐದು ದಿನ ಅಲ್ಲೇ ಊಟ. ಗುಲ್ಮಾರ್ಗ್‌ನಲ್ಲಿ ತಿಂದ 280 ರೂಪಾಯಿಯ ನೂಡಲ್ಸ್ ನೆನೆದರೆ ಈಗಲೂ ಬೇಸರ.

ಒಂದು ಸಣ್ಣ ವಿಷಯ: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ. ದಾರಿ ಮುಚ್ಚಿದ ದಿನ ವಿಮಾನ ಬದಲಿಸಲು ನಮಗೆ ಅದೇ ಆಸರೆಯಾಯಿತು.

ಕೊನೆಯ ದಿನ ಇಳಿಜಾರಿನಲ್ಲಿ ಮತ್ತೆ ಹುಲ್ಲು ಕಾಣಿಸುತ್ತಿತ್ತು. ಮೊಣಕಾಲುದ್ದದ ಹಿಮ ಐದು ದಿನ ನಿಲ್ಲಲಿಲ್ಲ. ಉಳಿದಿದ್ದ ಒಂದು ಪಟ್ಟೆಯಲ್ಲಿ ಮಗಳು ಯಾರ ಕೈಯನ್ನೂ ಹಿಡಿಯದೆ ಮೇಲಿಂದ ಕೆಳಗೆ ಬಂದು ನಿಂತಳು. ಮೇಷ್ಟ್ರು ಅವಳ ಫೋನಿನಲ್ಲಿ ತಮ್ಮ ನಂಬರ್ ತಾವೇ ಹಾಕಿದರು. ಮುಂದಿನ ಚಳಿಗಾಲಕ್ಕೆ ಹಿಮ ಬಿದ್ದು ಮೂರು ದಿನ ನಿಂತರೆ ಫೋಟೋ ಕಳಿಸುತ್ತೇನೆ, ಅಲ್ಲಿಯವರೆಗೆ ಟಿಕೆಟ್ ತೆಗೆಯಬೇಡಿ ಅಂದರು. ನಾವು ತೆಗೆದಿಲ್ಲ.