ಜನರ ಫೋಟೊ, ಉತ್ಪನ್ನದ ಫೋಟೊ: ಎರಡೂ ಒಂದೇ ಬ್ರ್ಯಾಂಡಿನವೆಂದು ಕಾಣುವುದು ಹೇಗೆ?

ಬ್ರ್ಯಾಂಡ್‌ಗಳಿಗಾಗಿ ಫೋಟೊ ತೆಗೆಯುವುದು ನನ್ನ ವೃತ್ತಿಯೆಂದು ತಿಳಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಜನರ ಫೋಟೊಗಳೂ ಚೆನ್ನಾಗಿವೆ, ಉತ್ಪನ್ನದ ಫೋಟೊಗಳೂ ಚೆನ್ನಾಗಿವೆ. ಆದರೆ ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಕಂಪನಿಗಳವು ಅನ್ನಿಸುತ್ತವೆ. ಏಕೆ?" ಕೇಳುವವರು ಬಣ್ಣದ ಮೇಲೆ ಅನುಮಾನಪಟ್ಟು, ಎಲ್ಲ ಫೋಟೊಗಳಿಗೂ ಒಂದೇ ಫಿಲ್ಟರ್ ಹಾಕಿ ನೋಡಿರುತ್ತಾರೆ. ಅದರಿಂದ ಪ್ರಯೋಜನವಾಗಿರುವುದಿಲ್ಲ, ಏಕೆಂದರೆ ಬಹಳಷ್ಟು ಸಲ ಹೊಂದದಿರುವುದು ಬಣ್ಣವಲ್ಲ, ನೆರಳು.

ನೆರಳಿನ ಅಂಚು ಮೃದುವಾಗುವುದೋ ಗಡುಸಾಗುವುದೋ ಎಂಬುದು ಲೈಟಿನ ಬೆಲೆಯನ್ನಾಗಲಿ ಶಕ್ತಿಯನ್ನಾಗಲಿ ಅವಲಂಬಿಸಿಲ್ಲ. ಎದುರಿಗಿರುವ ವಸ್ತುವಿನ ಗಾತ್ರಕ್ಕೆ ಹೋಲಿಸಿದರೆ ಬೆಳಕಿನ ಆಕರ ಎಷ್ಟು ದೊಡ್ಡದು, ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಅವಲಂಬಿಸಿದೆ. 60 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸನ್ನು (ಮುಂಭಾಗಕ್ಕೆ ಬಿಳಿ ಬಟ್ಟೆ ಹೊದಿಸಿದ ಲೈಟಿನ ಪೆಟ್ಟಿಗೆಯನ್ನು) ಒಂದು ಗೇಣಿನ ಸೀಸೆಯ ಪಕ್ಕದಲ್ಲಿಟ್ಟರೆ, ಆ ಸೀಸೆಯ ಪಾಲಿಗೆ ಅದು ಮೋಡ ಕವಿದ ಆಕಾಶವಿದ್ದಂತೆ, ನೆರಳು ಇದ್ದೂ ಇಲ್ಲದಂತಾಗುತ್ತದೆ. ಅದೇ ಸಾಫ್ಟ್‌ಬಾಕ್ಸನ್ನು ಎರಡು ಮೀಟರ್ ದೂರದಲ್ಲಿ ನಿಂತ ವ್ಯಕ್ತಿಯ ಮೇಲೆ ತಿರುಗಿಸಿದರೆ ಮೂಗಿನ ಕೆಳಗೂ ಕತ್ತಿನ ಮೇಲೂ ಗೆರೆ ಎಳೆದಂಥ ನೆರಳು ಬೀಳುತ್ತದೆ. "ಎರಡಕ್ಕೂ ಅದೇ ಲೈಟ್ ಬಳಸಿದ್ದೇವಲ್ಲ" ಎನ್ನುವವರ ಮಾತು ನಿಜ, ಅವರ ತೊಂದರೆಯ ಮೂಲವೂ ಅದೇ. ಸೀಸೆಗೆ ಸಿಕ್ಕ ಮೃದುತ್ವ ಮುಖಕ್ಕೂ ಬೇಕೆಂದರೆ ಒಂದೂವರೆ ಮೀಟರ್ ಅಗಲದ ಆಕರವನ್ನೋ, ಬೆಳಕಿಗೆ ಅಡ್ಡಲಾಗಿ ದೊಡ್ಡ ಬಿಳಿ ಬಟ್ಟೆಯನ್ನೋ ಚೌಕಟ್ಟಿನ ಅಂಚಿನವರೆಗೂ ತರಬೇಕು. ಬಿಸಿಲಿನಂಥ ಚೂಪು ನೆರಳೇ ಬ್ರ್ಯಾಂಡಿಗೆ ಒಪ್ಪುವುದಾದರೆ ಹಾದಿ ತಿರುವುಮುರುವು: ಸೀಸೆಯಿಂದ ಚಿಕ್ಕ ಲೈಟನ್ನು ದೂರ ಒಯ್ಯಬೇಕು. ಬೆಳಕು ಎಡದಿಂದಲೋ ಬಲದಿಂದಲೋ, ಎಷ್ಟು ಎತ್ತರದಿಂದ ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಬರೆದಿಟ್ಟುಕೊಂಡು ಎರಡಕ್ಕೂ ಅದನ್ನೇ ಪಾಲಿಸಬೇಕು.

ಎರಡನೆಯದು ಕ್ಯಾಮೆರಾ ನಿಲ್ಲುವ ದೂರ. ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಚೌಕಟ್ಟು ತುಂಬಿಸಲು ತೀರ ಹತ್ತಿರ ಹೋಗಬೇಕಾಗುತ್ತದೆ. ಆಗ ಮುಖದಲ್ಲಿ ಮೂಗು, ಡಬ್ಬಿಯಲ್ಲಿ ಮುಂದಿನ ಮೂಲೆ ಉಬ್ಬಿ ಕಾಣುತ್ತವೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85ರಿಂದ 105 ಮಿ.ಮೀ. ಲೆನ್ಸ್ ಬಳಸಿ ಸ್ವಲ್ಪ ಹಿಂದೆ ಸರಿದು ನಿಂತರೆ ಎರಡೂ ಸಹಜ ಆಕಾರಕ್ಕೆ ಬರುತ್ತವೆ. ಉತ್ಪನ್ನವನ್ನು ಎಫ್/11ರಲ್ಲಿ (ಲೆನ್ಸಿನ ಕಿಂಡಿ ಕಿರಿದಾಗಿಸಿ) ತುದಿಯಿಂದ ತುದಿಗೆ ಸ್ಪಷ್ಟವಾಗಿ ತೆಗೆದು, ಜನರನ್ನು ಮಾತ್ರ ಎಫ್/1.8ರಲ್ಲಿ (ಕಿಂಡಿ ಅಗಲವಾಗಿ ತೆರೆದು) ತೆಗೆದು ಹಿನ್ನೆಲೆಯನ್ನೆಲ್ಲ ಕರಗಿಸುವ ಗೀಳು ನನಗೆ ಎಂದೂ ಹಿಡಿಸಿಲ್ಲ. ಎಫ್/5.6ರ ಆಸುಪಾಸಿನಲ್ಲಿ ತೆಗೆದರೆ ಆ ವ್ಯಕ್ತಿ ಎಲ್ಲಿ, ಏನು ಮಾಡುತ್ತಿದ್ದಾರೆಂಬುದೂ ತಿಳಿಯುತ್ತದೆ.

ಬಣ್ಣದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಸುಮಾರು 5500 ಕೆಲ್ವಿನ್‌ನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ಹಗಲ ಬೆಳಕನ್ನೂ ಸುಮಾರು 3000 ಕೆಲ್ವಿನ್‌ನ ಹಳದಿ ಬಲ್ಬನ್ನೂ ಬೆರೆಸಿದರೆ ಒಂದೇ ವೈಟ್ ಬ್ಯಾಲೆನ್ಸ್‌ನಿಂದ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆಯಿಂದ) ಎರಡನ್ನೂ ಸರಿಪಡಿಸಲಾಗದು, ಹಾಗಾಗಿ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಬೆಳಕು ಬದಲಾದಾಗಲೆಲ್ಲ ಗ್ರೇ ಕಾರ್ಡಿನ (ಬಣ್ಣ ಸರಿಪಡಿಸಲು ಆಧಾರವಾಗುವ ಬೂದು ರಟ್ಟಿನ) ಒಂದು ಫೋಟೊ ತೆಗೆದುಕೊಳ್ಳಿ. ಅಮೆಜಾನ್‌ನಂಥ ಮಾರಾಟತಾಣಗಳ ಮುಖ್ಯ ಚಿತ್ರ ಈ ಲೆಕ್ಕಕ್ಕೆ ಸೇರದು. ಅಲ್ಲಿ ಅಪ್ಪಟ ಬಿಳಿ ಹಿನ್ನೆಲೆಯೇ ನಿಯಮವಾದ್ದರಿಂದ ಆ ಚಿತ್ರಗಳನ್ನು ಬೇರೆಯಾಗಿಯೇ ತೆಗೆಯುವುದು ಒಳ್ಳೆಯದು.

ಇಷ್ಟನ್ನೂ ಒಟ್ಟಿಗೆ ಸಾಧಿಸಲು ನಾನು ಅನುಸರಿಸುವ ಕ್ರಮವೆಂದರೆ, ಕೈಯೊಂದು ಉತ್ಪನ್ನವನ್ನು ಹಿಡಿದು ಬಳಸುತ್ತಿರುವ ಚಿತ್ರವನ್ನು ಎಲ್ಲಕ್ಕಿಂತ ಮೊದಲು ತೆಗೆಯುವುದು. ಚರ್ಮ ಮತ್ತು ಉತ್ಪನ್ನ ಎರಡಕ್ಕೂ ಒಪ್ಪುವ ಬೆಳಕು ಅಲ್ಲಿ ಗೊತ್ತಾದ ಮೇಲೆ, ಅದರಿಂದ ಮುಖದ ಕಡೆಗೂ ಬರೀ ಉತ್ಪನ್ನದ ಕಡೆಗೂ ಹೋಗುವುದು ಸುಲಭ. ಎದುರಿಗಿರುವವರಿಗೆ "ನಗಿ" ಎನ್ನುವುದಕ್ಕಿಂತ ಮುಚ್ಚಳ ತೆರೆಯುವಂಥ ನಿಜವಾದ ಕೆಲಸವೊಂದನ್ನು ಕೊಟ್ಟರೆ ಕೈಗಳು ಬಿಗಿಯುವುದಿಲ್ಲ, ಮುಖವೂ ತಾನಾಗಿ ಸಡಿಲಗೊಳ್ಳುತ್ತದೆ.

ಜನರ ಫೋಟೊಗಳನ್ನು ಸ್ಟಾಕ್ ಸಂಗ್ರಹದಿಂದ (ಪರವಾನಗಿ ಕೊಂಡು ಬಳಸುವ ಸಿದ್ಧ ಚಿತ್ರಗಳಿಂದ) ಆರಿಸುವವರೂ ಮುಖಕ್ಕಿಂತ ಮೊದಲು ಬೆಳಕನ್ನು ನೋಡಬೇಕು. ಚಿತ್ರವನ್ನು ಹಿಗ್ಗಿಸಿದರೆ ಕಣ್ಣುಗುಡ್ಡೆಯ ಮೇಲಿನ ಬಿಳಿ ಹೊಳಪು ಲೈಟ್ ಯಾವ ಕಡೆ ಇತ್ತು, ಎಷ್ಟು ದೊಡ್ಡದಿತ್ತು ಎಂಬುದನ್ನು ತೋರಿಸುತ್ತದೆ. ನಿಮ್ಮ ಉತ್ಪನ್ನದ ನೆರಳಿಗೆ ಅದು ಹೊಂದದಿದ್ದರೆ ಎಷ್ಟೇ ಸುಂದರ ಮುಖವಾದರೂ ಬಿಟ್ಟುಬಿಡಿ. ಸಾಮಾನ್ಯ ಪರವಾನಗಿಯಡಿ ಅದೇ ಮುಖವನ್ನು ನಿಮ್ಮ ಪ್ರತಿಸ್ಪರ್ಧಿಯೂ ಕೊಳ್ಳಬಹುದು, ಸುದ್ದಿ ಬಳಕೆಗೆ ಮಾತ್ರ ಎಂದು ಗುರುತಿಸಿದ ಚಿತ್ರವನ್ನಂತೂ ಜಾಹೀರಾತಿನಲ್ಲಿ ಬಳಸುವಂತಿಲ್ಲ. ನಿಮ್ಮ ಸಿಬ್ಬಂದಿಯನ್ನೇ ನಿಲ್ಲಿಸುವುದಾದರೆ ಫೋಟೊ ಎಲ್ಲೆಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ, ಅವರು ಕೆಲಸ ಬಿಟ್ಟ ಮೇಲೆ ಏನು ಎಂಬುದನ್ನೆಲ್ಲ ಸೇರಿಸಿ ಲಿಖಿತ ಒಪ್ಪಿಗೆಯನ್ನು ಕ್ಯಾಮೆರಾ ಹೊರತೆಗೆಯುವ ಮೊದಲೇ ಪಡೆಯಿರಿ.