ಚರ್ಮ ಜಗ್ಗಿ ನೋಡಿ ಒಮ್ಮೆ

ಅಂಗೈ ಹಿಂಬದಿಯ ಚರ್ಮ ಸುಮ್ನೆ ಚಿವುಟಿ ಎಳೆಯಿರಿ. ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ಒಮ್ಮೆಲೇ ಬಿಗಿ. ಒಳಗಿನ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನ್ ಎಳೆಗಳು ಅಂಕುಡೊಂಕಾಗಿ ಬಿದ್ದಿರುತ್ತವೆ, ಜಗ್ಗಿದಂತೆ ಒಂದೊಂದೇ ನೆಟ್ಟಗಾಗಿ ಎಳೆತದ ದಿಕ್ಕಿಗೇ ತಿರುಗುತ್ತವೆ, ಅಲ್ಲಿಂದ ಮುಂದೆ ಭಾರವೆಲ್ಲ ಅವುಗಳದ್ದೇ. ಬಿಟ್ಟಾಗ ಮೊದಲಿನಂತಾಗುವುದರಲ್ಲಿ ಇಲಾಸ್ಟಿನ್ ಎಂಬ ರಬ್ಬರಿನಂಥ ಪ್ರೋಟೀನ್ ಪಾಲು ಜಾಸ್ತಿ. ವಯಸ್ಸಾದಂತೆ ಅದು ಸೋಲುತ್ತದೆ, ಅಮ್ಮನ ಕೈ ಚಿವುಟಿದರೆ ಮಡಿಕೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಇದನ್ನೆಲ್ಲ ವಿವರಿಸಿದರೆ, "ಮುದುಕಿ ಆದೆ ಅಂತ ನೇರವಾಗಿ ಹೇಳು" ಅಂದರು!

1861ರಲ್ಲಿ ವಿಯೆನ್ನಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ ಹೆಣಗಳ ಚರ್ಮಕ್ಕೆ ದುಂಡು ಮೊನೆಯಿಂದ ಚುಚ್ಚಿ ನೋಡಿದರು. ತೂತು ದುಂಡಗೆ ಉಳಿಯಲಿಲ್ಲ, ಉದ್ದ ಸೀಳಾಯಿತು. ಅಂದರೆ ಬಿಗಿತ ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಆ ಸೀಳುಗಳು ತೋರಿಸುವ ಗೆರೆಗುಂಟ ಕೊಯ್ದರೆ ಗಾಯ ಕಡಿಮೆ ಬಾಯ್ಬಿಡುತ್ತದೆ, ಅದಕ್ಕೇ ಸರ್ಜನ್‌ಗಳು ಈಗಲೂ ಚರ್ಮದ ಗೆರೆ ನೋಡಿಯೇ ಕತ್ತಿ ಇಡುವುದು.