ಸ್ತನ ಎತ್ತುವ ಆಪರೇಷನ್: ಇಂಪ್ಲಾಂಟ್ ಯಾರಿಗೆ ಬೇಕು, ಯಾರಿಗೆ ಬೇಡ

ಕನ್ನಡಿ ಮುಂದೆ ಬ್ರಾ ಇಲ್ಲದೆ ನೆಟ್ಟಗೆ ನಿಂತು, ಸ್ತನದ ಕೆಳಗಿನ ಮಡಿಕೆಗೆ ಒಂದು ಸ್ಕೇಲ್ ಅಡ್ಡ ಹಿಡಿಯಿರಿ. ತೊಟ್ಟು ಸ್ಕೇಲಿನ ಮಟ್ಟದಲ್ಲಿದ್ದರೆ ಜೋತಿರುವುದು ಕಡಿಮೆ, ಕೆಳಗಿಳಿದು ನೆಲ ನೋಡುತ್ತಿದ್ದರೆ ಹೆಚ್ಚು. ಎಲ್ಲೆಲ್ಲಿ ಕೊಯ್ಯಬೇಕು ಎಂಬುದು ಬಹುಪಾಲು ಇದರ ಮೇಲೇ ನಿಂತಿದೆ.

ಒಂದೆರಡು ಸೆಂ.ಮೀ. ಎತ್ತಲು ತೊಟ್ಟಿನ ಸುತ್ತಲ ಕಪ್ಪು ವೃತ್ತದ ಅಂಚಿನಲ್ಲಿ ಕೊಯ್ದರೆ ಸಾಕು. ಗುರುತು ಕಮ್ಮಿ ಅಂತ ಬಹಳ ಮಂದಿ ಇದನ್ನೇ ಕೇಳುತ್ತಾರೆ. ಹೆಚ್ಚು ಜೋತಿದ್ದಾಗ ಇಷ್ಟರಲ್ಲೇ ಮುಗಿಸಹೋದರೆ ಸ್ತನ ಚಪ್ಪಟೆಯಾಗಿ, ಎಳೆತಕ್ಕೆ ವೃತ್ತವೂ ಅಗಲವಾಗುತ್ತದೆ. ಮಧ್ಯಮ ಪ್ರಮಾಣಕ್ಕೆ ವೃತ್ತದಿಂದ ಮಡಿಕೆಯವರೆಗೆ ನೇರ ಕೊಯ್ತ. ಬಹಳ ಜೋತಿದ್ದರೆ ಮಡಿಕೆಯುದ್ದಕ್ಕೂ ಇನ್ನೊಂದು.

ಇನ್ನು ಇಂಪ್ಲಾಂಟ್, ಅಂದರೆ ಗಾತ್ರ ತುಂಬಲು ಸ್ತನದೊಳಗೆ ಕೂರಿಸುವ ಸಿಲಿಕೋನ್ ಮುಂತಾದವುಗಳ ಚೀಲ. ಸ್ತನವನ್ನು ಕೈಯಿಂದ ಎತ್ತಿ ಹಿಡಿದಾಗ ಮೇಲ್ಭಾಗ ತುಂಬಿ ಕಂಡರೆ ಅದರ ಗೊಡವೆಯೇ ಬೇಡ. ಖಾಲಿಯೇ ಉಳಿದರೆ ಯೋಚಿಸಬಹುದು. ಎತ್ತುವುದು, ಇಂಪ್ಲಾಂಟ್ ಎರಡನ್ನೂ ಒಟ್ಟಿಗೆ ಮಾಡುವುದು ನಾಜೂಕು ಕೆಲಸ: ಮೊದಲನೆಯದು ಚರ್ಮ ಬಿಗಿಮಾಡಿದರೆ ಎರಡನೆಯದು ಒಳಗಿಂದ ಹಿಗ್ಗಿಸುತ್ತದೆ. ಅದಕ್ಕೇ ಕೆಲವು ಸರ್ಜನ್‌ಗಳು ಮೊದಲು ಎತ್ತಿ, ಕೆಲ ತಿಂಗಳ ಮೇಲೆ ಇಂಪ್ಲಾಂಟ್ ಕೂರಿಸುತ್ತಾರೆ. ಅದು ಜೀವನಪೂರ್ತಿ ಬಾಳುವ ವಸ್ತುವಲ್ಲ. ಸುತ್ತಲಿನ ಪೊರೆ ಗಟ್ಟಿಯಾಗಬಹುದು. ಸಿಲಿಕೋನ್ ಒಡೆದರೂ ಗೊತ್ತಾಗದಿರಬಹುದು. ಹಾಗಾಗಿ ಹಾಕಿಸಿದ 5-6 ವರ್ಷಕ್ಕೆ, ಆಮೇಲೆ 2-3 ವರ್ಷಕ್ಕೊಮ್ಮೆ ಸ್ಕ್ಯಾನ್. ರಾಯಚೂರು, ಕೊಪ್ಪಳದಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವವರು ಈ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಳ್ಳಾರಿ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಂತೂ ಆಪರೇಷನ್ ಬೇಡ. ಹಲವು ವಾರ ಬಿಗಿ ಬ್ರಾ ಹಾಕಿರಬೇಕು. ಬೆವರು ನಿಂತರೆ ಎರಡು ಹೊಲಿಗೆ ಕೂಡುವ ಮೂಲೆಯೇ ಮೊದಲು ಬಿಚ್ಚಿಕೊಳ್ಳುವುದು. ಬೀಡಿ, ಗುಟ್ಕಾ, ತಂಬಾಕು ಕನಿಷ್ಠ 4 ವಾರ ಮೊದಲೇ ಬಿಡಿ: ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ತೊಟ್ಟೇ ಕಪ್ಪಾಗಿ ಸತ್ತುಹೋಗಬಹುದು.